ವೀರಗಲ್ಲು, ಕೆರೆ ಹಕ್ಕಿ, ಮಗಳ ಭರತನಾಟ್ಯ: ಮೂರಕ್ಕೂ ಒಂದೇ ಕ್ಯಾಮೆರಾ ಆಗುತ್ತಾ?

ಹೊಳಲ್ಕೆರೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳಿಕೊಡೋನು. ಭಾನುವಾರ ಬಂತು ಅಂದ್ರೆ ಗಾಡಿ ಹತ್ತಿ ಸುತ್ತಮುತ್ತಲ ಹಳ್ಳಿಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲು, ಶಾಸನ ಹುಡುಕಿಕೊಂಡು ಹೋಗೋದು ಒಂದು ಹುಚ್ಚು. ಇಷ್ಟು ದಿನ ಮೊಬೈಲಲ್ಲೇ ತೆಗೀತಿದ್ದೆ. ಅಲ್ಲಿ ನಿಂತಾಗ ಚೆನ್ನಾಗೇ ಕಾಣುತ್ತೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದ್ರೆ ಅಕ್ಷರ ಎಲ್ಲ ಕಲಸಿದ ಹಿಟ್ಟಿನ ಥರ.

ಅದಕ್ಕೆ ಒಂದು ಕ್ಯಾಮೆರಾ ತಗೊಳ್ಳೋಣ ಅಂತ. ಕೈಯಲ್ಲಿರೋದು 50 ಸಾವಿರ. ಅದರ ಮೇಲೆ ಒಂದು ರೂಪಾಯಿ ದಾಟಿದ್ರೂ ಮನೆಯಲ್ಲಿ ಉತ್ತರ ಕೊಡಬೇಕು. ಮಗಳು ಭರತನಾಟ್ಯ ಕಲೀತಿದ್ದಾಳೆ, ವರ್ಷಕ್ಕೆ ಎರಡು ಮೂರು ಕಾರ್ಯಕ್ರಮ ಇರುತ್ತೆ. ಸೂಳೆಕೆರೆ ಕಡೆ ಹೋದಾಗ ಹಕ್ಕಿ ಕಂಡ್ರೆ ಅದನ್ನೂ ತೆಗೀಬೇಕು ಅನ್ನೋ ಆಸೆ.

ಒಂದು ಅಂಗಡಿಯವರು ಕ್ಯಾನನ್ 1500ಡಿ ಎರಡು ಲೆನ್ಸ್ ಜೊತೆ ತಗೊಳ್ಳಿ, ಕಣ್ಣು ಮುಚ್ಚಿಕೊಂಡು ತಗೊಳ್ಳಿ ಅಂದ್ರು. ಇನ್ನೊಬ್ಬರು ನಿಕಾನ್ ಪಿ950, ಚಂದ್ರನೂ ಕಾಣುತ್ತೆ ಅಂದ್ರು. ನಮ್ಮ ಅಳಿಯ ಸೋನಿ ಜೆಡ್‌ವಿ-ಇ10 ಬಿಟ್ರೆ ಬೇರೆ ಮಾತೇ ಆಡಲ್ಲ. ತಲೆ ಕೆಟ್ಟು ಗೊಬ್ಬರ ಆಗಿದೆ. ತಿಳಿದವರು ಹೇಳಿ.

ಮಂಡಕ್ಕಿ ಮೆಣಸಿನಕಾಯಿ

ಮೇಷ್ಟ್ರೇ, ಈಗ 200 ಮೆಗಾಪಿಕ್ಸೆಲ್ ಫೋನ್ ಬಂದಿದೆ. 1500ಡಿ ಬರೀ 24. ಲೆಕ್ಕ ನೀವೇ ಹಾಕಿ.

ಪಿಬಿ ರೋಡ್ ಸ್ಟುಡಿಯೋ

ಮಂಡಕ್ಕಿ ಅವರೇ, ಆ ಲೆಕ್ಕ ತಪ್ಪು ಐತ್ರಿ. 200 ಮೆಗಾಪಿಕ್ಸೆಲ್ ಅಂತ ಮಾರೋ ಫೋನು ಮಾಮೂಲಿಯಾಗಿ 16 ಪಿಕ್ಸೆಲ್ ಸೇರಿಸಿ ಒಂದು ಮಾಡಿ 12.5 ಮೆಗಾಪಿಕ್ಸೆಲ್ ಫೋಟೋ ಕೊಡ್ತದೆ. ಚೀಲ ದೊಡ್ಡದಾದ್ರೆ ಅಕ್ಕಿ ಜಾಸ್ತಿ ಆಗಲ್ಲ. ನೋಡಬೇಕಾದ್ದು ಸೆನ್ಸರ್, ಅಂದ್ರೆ ಒಳಗೆ ಬೆಳಕು ಹಿಡಿಯೋ ಚಿಪ್, ಅದರ ಅಗಲ. 1500ಡಿ ಸೆನ್ಸರು 22.3 ಮಿ.ಮೀ. ಅಗಲ, 14.9 ಮಿ.ಮೀ. ಎತ್ತರ. ಪಿ950 ಒಳಗೆ ಇರೋದು ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರದ್ದು, ಹೆಸರುಕಾಳಿನಷ್ಟು. ಬೆಳಕು ಬೀಳೋ ಜಾಗದಲ್ಲಿ ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

ನಾನು ದಾವಣಗೆರೆಯಲ್ಲಿ ರೀಲಿನ ಕಾಲದಿಂದ ಸ್ಟುಡಿಯೋ ನಡೆಸ್ಕೊಂಡು ಬಂದೋನು. ಕರಿಜ್ಮಾ ಆಲ್ಬಂಗೆ 12-18 ಇಂಚಿನ ಪ್ರಿಂಟ್ ಹಾಕಬೇಕಂದ್ರೂ ಇಂಚಿಗೆ 200 ಚುಕ್ಕಿ ಲೆಕ್ಕದಲ್ಲಿ 8.6 ಮೆಗಾಪಿಕ್ಸೆಲ್ ಸಾಕು. ಹಂಗಾಗಿ ಮೆಗಾಪಿಕ್ಸೆಲ್ ಮಾತು ಇಲ್ಲಿಗೆ ಬಿಡ್ರಿ.

ಮೇಷ್ಟ್ರೇ, ನಿಮ್ಮನ್ನ ಒಂದು ಕೇಳ್ತೀನಿ. ಮೂರು ಕೆಲಸದಲ್ಲಿ ಯಾವುದು ಬಿಟ್ರೆ ನಿದ್ದೆ ಬರಲ್ಲ? ಅದು ಹೇಳ್ರಿ ಮೊದಲು.

ಹೊಳಲ್ಕೆರೆ ಮೇಷ್ಟ್ರು

ಕಲ್ಲು ಸರ್. ಆಮೇಲೆ ಮಗಳು. (ಇದನ್ನ ಮನೆಯವರು ಓದಲ್ಲ ಅನ್ನೋ ಧೈರ್ಯದ ಮೇಲೆ ಬರೆದಿದ್ದೀನಿ.) ಹಕ್ಕಿ ಕೊನೆಗೆ.

ಕುಂದವಾಡ ಕೆರೆ ದಂಡೆ

ಹಕ್ಕಿ ಕೊನೆಗೆ ಅಂದಿದ್ದು ಒಳ್ಳೇದಾಯ್ತು, ದುಡ್ಡು ಉಳೀತು.

ನನ್ನ ಹತ್ರ ಪಿ900 ಇದೆ, 2015ರಲ್ಲಿ ಬಂದ ಮಾಡೆಲ್. 24ರಿಂದ 2000 ಮಿ.ಮೀ.ವರೆಗೆ, 83 ಪಟ್ಟು ಜೂಮ್. ಕುಂದವಾಡ ಕೆರೆ ಏರಿ ಮೇಲೆ ನಿಂತು ಆ ದಡದ ನೀರುಕಾಗೆ ಕಣ್ಣು ತೆಗೀಬಹುದು, ಸುಳ್ಳಲ್ಲ. ಬಿಸಿಲಿರಬೇಕು, ಹಕ್ಕಿ ಕೂತಿರಬೇಕು. ಬೆಳಿಗ್ಗೆ ಆರೂವರೆಗೆ, ಹಕ್ಕಿ ಚೆನ್ನಾಗಿ ಸಿಗೋ ಹೊತ್ತಲ್ಲೇ, ಚಿತ್ರ ಪೂರ್ತಿ ರವೆ ರವೆ. ಮಿಂಚುಳ್ಳಿ ನೀರಿಗೆ ಹಾರೋದನ್ನ ಮೂರು ವರ್ಷದಿಂದ ಪ್ರಯತ್ನ ಪಡ್ತಿದ್ದೀನಿ. ಸಿಕ್ಕಿರೋದು ನೀರು ಚಿಮ್ಮಿದ್ದು ಮಾತ್ರ. ಪಿ900ರಲ್ಲಿ ರಾ ಫೈಲ್ (ಕ್ಯಾಮೆರಾ ತಾನೇ ತಿದ್ದದೆ ಉಳಿಸೋ ಹಸಿ ಚಿತ್ರ) ಬೇರೆ ಇಲ್ಲ. ಪಿ950ರಲ್ಲಿ ಅದನ್ನ ಕೊಟ್ಟಿದ್ದಾರೆ, ಸೆನ್ಸರ್ ಅದೇ ಅಳತೆ.

ಮಗಳ ನಾಟ್ಯಕ್ಕೆ ಇದನ್ನ ತಗೊಂಡು ಹೋಗ್ಬೇಡಿ. ಹಕ್ಕಿ ನೋಡೋ ಆಸೆ ಆದಾಗ ನಮ್ಮ ಕಡೆ ಬನ್ನಿ, ನಂದೇ ಕೊಡ್ತೀನಿ. ಕೊಂಡಜ್ಜಿಗೂ ಹೋಗಿ ಬರೋಣ.

ಖಾಲಿ ದೋಸೆ

ಸರ್, ಜೆಡ್‌ವಿ-ಇ10 ನಾನೇ ಇಟ್ಕೊಂಡಿದೀನಿ. ವಿಡಿಯೋಗೆ ಬೆಂಕಿ. ಸೆನ್ಸರ್ ದೊಡ್ಡದೇ, ಫೋಕಸ್ ಅಂತೂ ಮುಖ ಬಿಟ್ಟು ಅಲ್ಲಾಡಲ್ಲ. ಆದ್ರೆ ಕಣ್ಣಿಟ್ಟು ನೋಡೋ ವ್ಯೂಫೈಂಡರ್ ಇಲ್ಲ. ಮೊನ್ನೆ ದುರ್ಗದ ಕೋಟೆಗೆ ಹೋಗಿದ್ವಿ, ಮಧ್ಯಾಹ್ನ ಒಂದು ಗಂಟೆ. ಒನಕೆ ಓಬವ್ವನ ಕಿಂಡಿ ಹತ್ರ ಬಂಡೆ ಬಿಸಿಲಿಗೆ ಪರದೆ ಮೇಲೆ ನನ್ನ ಮುಖ ಬಿಟ್ರೆ ಏನೂ ಕಾಣ್ತಿರ್ಲಿಲ್ಲ. ಟವೆಲ್ ತಲೆ ಮೇಲೆ ಹಾಕ್ಕೊಂಡು ತೆಗೆದೆ. ಫ್ರೆಂಡ್ಸ್ ಅದನ್ನೇ ವಿಡಿಯೋ ಮಾಡಿ ಹಾಕಿದ್ರು.

ನಿಮ್ಮ ಅಳಿಯಂಗೆ ವ್ಲಾಗ್ ಮಾಡೋ ಪ್ಲಾನ್ ಇರಬೇಕು, ನಿಮ್ಮ ದುಡ್ಡಲ್ಲಿ.

ಹೊಳಲ್ಕೆರೆ ಮೇಷ್ಟ್ರು

ಅನುಮಾನ ನನಗೂ ಇತ್ತು.

ಹಾಗಾದ್ರೆ 1500ಡಿ ತಗೊಂಡುಬಿಡ್ಲಾ? 18-55, 55-250 ಮಿ.ಮೀ. ಲೆನ್ಸ್ ಎರಡೂ ಕೊಡ್ತಾರಂತೆ. ಶಾಸನಕ್ಕೆ ಒಂದು ಫ್ಲ್ಯಾಶ್ ಕೂಡ ತಗೊಂಡ್ರೆ ಒಳ್ಳೇದು ಅಂತ ಹೇಳಿದ್ರು.

ಜೋಗಿಮಟ್ಟಿ ಗಾಳಿ

ಸರ್, ತಡೀರಿ, ದುಡ್ಡು ಕೊಡಬೇಡಿ ಇನ್ನೂ.

ನಾನು ಚಿತ್ರದುರ್ಗದಲ್ಲಿ ಮದುವೆ, ಸೀಮಂತ, ನಾಮಕರಣದ ಫೋಟೋ ತೆಗೀತೀನಿ. ಶುರು ಮಾಡಿದ್ದೇ 1500ಡಿಯಲ್ಲಿ. ಮೊದಲನೇ ಕೆಲಸ ಒಂದು ನಿಶ್ಚಿತಾರ್ಥ. ಹಿಂದಿನ ದಿನ ಕಡಿಮೆ ಬೆಲೆಯ ಫ್ಲ್ಯಾಶು, ಅದನ್ನ ದೂರದಿಂದ ಹೊಡೆಸೋಕೆ ಒಂದು ರೇಡಿಯೋ ಟ್ರಿಗರ್ರು ತಂದಿದ್ದೆ. ಹುಡುಗ ಹುಡುಗಿ ಹಾರ ಹಿಡ್ಕೊಂಡು ನಿಂತಿದ್ದಾರೆ, ನಾನು ಬಟನ್ ಒತ್ತುತ್ತೀನಿ, ಫ್ಲ್ಯಾಶ್ ಹೊಡೀತಿಲ್ಲ. ಬ್ಯಾಟರಿ ಬದಲಾಯಿಸಿದೆ, ಚಾನೆಲ್ ಬದಲಾಯಿಸಿದೆ. ಹುಡುಗಿ ಸೋದರಮಾವ ಬಂದು "ಏನಮ್ಮ, ಹೊಸದಾ?" ಅಂದ್ರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಆಮೇಲೆ ಗೊತ್ತಾಯ್ತು. ಸಾದಾ ಫ್ಲ್ಯಾಶು, ಟ್ರಿಗರ್ರು ಯಾವ ಕಂಪನಿಯದಾದ್ರೂ ಹೊಡೆಯೋದು ಕ್ಯಾಮೆರಾ ನೆತ್ತಿ ಮೇಲಿನ ಹಾಟ್ ಶೂ (ಫ್ಲ್ಯಾಶ್ ಕೂರಿಸೋ ಜಾಗ) ನಟ್ಟನಡುವೆ ಇರೋ ಒಂದು ದುಂಡನೆ ಪಿನ್‌ನಿಂದ. 1500ಡಿ, 3000ಡಿ, 200ಡಿ ಮಾರ್ಕ್ 2, ಈ ಮೂರರಲ್ಲೂ ಕ್ಯಾನನ್‌ನೋರು ಆ ಪಿನ್ನೇ ತೆಗೆದುಹಾಕಿದ್ದಾರೆ. ಅವರದೇ ಫ್ಲ್ಯಾಶ್ ಹಾಕಿದ್ರೆ ಹೊಡೆಯುತ್ತೆ. ಬರೀ ನಡುವಿನ ಪಿನ್ ನಂಬಿಕೊಂಡಿರೋ ಸಾದಾ ಟ್ರಿಗರ್ ಸತ್ತ ಹಾಗೇ. ಅಂಗಡಿಯಲ್ಲಿ ಕ್ಯಾಮೆರಾ ಕೈಗೆ ತಗೊಂಡಾಗ ನೆತ್ತಿ ಒಂದು ಸಲ ನೋಡಿ, ಬರಿಗಣ್ಣಿಗೇ ಕಾಣುತ್ತೆ.

ಚಿತ್ರ ಕೆಟ್ಟದು ಅಂತ ನಾನು ಹೇಳ್ತಿಲ್ಲ. ಆ ದುಡ್ಡಿಗೆ 1500ಡಿ ಚಿತ್ರ ಚೆನ್ನಾಗೇ ಬರುತ್ತೆ. ಮಗಳ ಫೋಟೋ, ಊರು, ಕೇರಿ ಅಷ್ಟೇ ಆದ್ರೆ ತಗೊಳ್ಳಿ. ನೀವು ಕಲ್ಲಿಗೆ ಫ್ಲ್ಯಾಶ್ ಅಂತಿದ್ದೀರಲ್ಲ, ಅದಕ್ಕೆ ಹೇಳಿದೆ.

ಪಿಬಿ ರೋಡ್ ಸ್ಟುಡಿಯೋ

ಭೇಷ್ ತಂಗಿ. ಇದು ಕೌಂಟರಲ್ಲಿ ಯಾರೂ ಹೇಳಲ್ಲ. ಇನ್ನೊಂದು ಸೇರಿಸ್ತೀನಿ: 1500ಡಿ ಪರದೆ ತಿರುಗಲ್ಲ. ಅರ್ಧ ಮಣ್ಣಲ್ಲಿ ಹೂತಿರೋ ವೀರಗಲ್ಲು ತೆಗೀಬೇಕಂದ್ರೆ ಮೇಷ್ಟ್ರು ಜಾಲಿಮುಳ್ಳಿನ ಮೇಲೆ ಬೋರಲು ಮಲಗಬೇಕು.

ಶಾಸನದ ಚಟ

ಮೇಷ್ಟ್ರೇ, ನಾನೂ ನಿಮ್ಮ ಜಾತಿಯವನೇ, ಕಲ್ಲಿನ ಜಾತಿ. ಬ್ರಹ್ಮಗಿರಿಯ ಅಶೋಕನ ಶಾಸನ, ಚಂದ್ರವಳ್ಳಿಯ ಮಯೂರಶರ್ಮನ ಶಾಸನ ಎಲ್ಲ ನೋಡಿ, ತೆಗೆದು, ಕೆಡಿಸಿ ಆಗಿದೆ. ನಾಲ್ಕು ಮಾತು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನಿಮ್ಮ ಅಕ್ಷರ ಕಲಸಿದ ಹಿಟ್ಟಿನ ಥರ ಆಗ್ತಿರೋದು ಮೊಬೈಲಿನ ತಪ್ಪು ಕಾಲು ಭಾಗ. ಮುಕ್ಕಾಲು ಭಾಗ ಬೆಳಕಿನದು. ಕಲ್ಲಿನ ಮೇಲಿನ ಅಕ್ಷರಕ್ಕೆ ಬಣ್ಣ ಇಲ್ಲ. ಅದು ಬರೀ ತಗ್ಗು. ತಗ್ಗು ಕಾಣೋದು ಅದರ ಅಂಚಿನ ನೆರಳಿಂದ. ಬೆಳಕು ಎದುರಿಗೆ ಬಿದ್ರೆ ನೆರಳಿಲ್ಲ, ಅಕ್ಷರನೂ ಇಲ್ಲ. ಬೆಳಕು ಕಲ್ಲನ್ನ ಸವರಿಕೊಂಡು, ಪಕ್ಕದಿಂದ ಓರೆಯಾಗಿ ಬರಬೇಕು.

ನಮ್ಮ ಕಡೆ ಒಂದು ಕಲ್ಲು ಪೂರ್ವಕ್ಕೆ ಮುಖ ಮಾಡಿ ನಿಂತಿದೆ. ಫೋಟೋಗೆ ಬೆಳಗಿನ ಬಿಸಿಲು ಒಳ್ಳೇದು ಅಂತ ಎಲ್ಲೋ ಓದಿ ಏಳು ಗಂಟೆಗೇ ಹೋದೆ. ಬಿಸಿಲು ನೇರ ಮುಖಕ್ಕೆ ಹೊಡೀತಿತ್ತು, ಕಲ್ಲು ಬೋಳು ಬೋಳು. ತಿಂಡಿ ತಿಂದು, ಊರವರ ಹತ್ರ ಹರಟೆ ಹೊಡೆದು ಹನ್ನೊಂದೂವರೆಗೆ ಮತ್ತೆ ಹೋದ್ರೆ ಬಿಸಿಲು ನೆತ್ತಿ ಮೇಲಿಂದ ಕಲ್ಲಿಗೆ ತಾಗಿಕೊಂಡು ಇಳೀತಾ ಇತ್ತು. ಕೆಳಗಿನ ಅಂಕಣದ ಕಾಳಗ, ನಡುವೆ ವೀರನನ್ನ ಎತ್ತಿಕೊಂಡು ಹೋಗೋ ಅಪ್ಸರೆಯರು, ಮೇಲೆ ಲಿಂಗ, ಪಟ್ಟಿಯಲ್ಲಿನ ಎರಡು ಸಾಲು ಅಕ್ಷರ, ಎಲ್ಲ ಎದ್ದು ನಿಂತಿತ್ತು. ಅದೇ ಕಲ್ಲು, ಅದೇ ಮೊಬೈಲು. ಹತ್ತು ನಿಮಿಷ ಇತ್ತು ಆ ಬೆಳಕು, ಆಮೇಲೆ ಕಲ್ಲು ತನ್ನ ನೆರಳಿಗೆ ತಾನೇ ಹೋಯ್ತು.

ಉತ್ತರಕ್ಕೆ ಮುಖ ಇರೋ ಕಲ್ಲಿಗೆ ವರ್ಷದಲ್ಲಿ ಬಹಳ ದಿನ ಬಿಸಿಲೇ ಬೀಳಲ್ಲ. ಅದಕ್ಕೆ ಮನೆ ಕನ್ನಡಿ ತಗೊಂಡು ಹೋಗಿ. ದೂರದಲ್ಲಿ ಬಿಸಿಲಲ್ಲಿ ಒಬ್ಬ ಹುಡುಗ ಕನ್ನಡಿ ಹಿಡ್ಕೊಂಡು ನಿಂತ್ರೆ ಪಕ್ಕದಿಂದ ಬೆಳಕು ಬಿಡಬಹುದು. ಹುಡುಗರಿಗೆ ಅದೊಂದು ಆಟ, ಐದು ಜನ ಓಡಿ ಬರ್ತಾರೆ.

ಇನ್ನೊಂದು ಕೈ ಮುಗಿದು ಕೇಳ್ಕೊಳ್ತೀನಿ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಎಣ್ಣೆ, ಹಿಟ್ಟು ತಿಕ್ಕಬೇಡಿ. ಕಲ್ಲು ಹಾಳಾಗುತ್ತೆ, ಅದಕ್ಕಿಂತ ಮುಖ್ಯವಾಗಿ ಸುಣ್ಣ ಹಚ್ಚಿದೋನು ಏನು ಓದಿದನೋ ಅದೇ ಅಕ್ಷರ ಮುಂದಿನವರಿಗೂ ಕಾಣುತ್ತೆ.

ಹೊಳಲ್ಕೆರೆ ಮೇಷ್ಟ್ರು

ಸರ್, ನಾಚಿಕೆ ಆಗ್ತಿದೆ. ಸೀಮೆಸುಣ್ಣ ನನ್ನ ಜೇಬಲ್ಲೇ ಇರುತ್ತೆ, ವೃತ್ತಿ ದೋಷ. ಇನ್ನು ಇಲ್ಲ.

ಸಂಜೆ ಸ್ಕೂಲ್ ಮುಗಿಸಿ ಹೋಗೋಷ್ಟರಲ್ಲಿ ಕತ್ತಲಾಗುತ್ತೆ. ಆಗ ಏನು ಮಾಡೋದು?

ಶಾಸನದ ಚಟ

ಕತ್ತಲು ಇನ್ನೂ ಒಳ್ಳೇದು. ಕ್ಯಾಮೆರಾನ ಮುಕ್ಕಾಲಿ ಮೇಲೆ ಕಲ್ಲಿಗೆ ನೇರ ನಿಲ್ಲಿಸಿ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಚುರುಕು) 100, ಎಫ್8 (ಲೆನ್ಸ್ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟು ಬೆಳಕು ಜಾಸ್ತಿ), ಶಟರ್ ಹತ್ತು ಸೆಕೆಂಡ್, ಎರಡು ಸೆಕೆಂಡಿನ ಟೈಮರ್. ಶಟರ್ ತೆರೆದಿದ್ದಾಗ ಪಕ್ಕದಲ್ಲಿ ನಿಂತು ಹೊಲಕ್ಕೆ ಹೋಗೋ ಟಾರ್ಚನ್ನ ಕಲ್ಲಿಗೆ ಓರೆಯಾಗಿ ನಿಧಾನ ಆಡಿಸಿ. ಎಡದಿಂದ ಒಂದು, ಬಲದಿಂದ ಒಂದು, ಮೇಲಿಂದ ಒಂದು. ಎಡದಿಂದ ಬಿದ್ದ ಬೆಳಕಲ್ಲಿ ನಿಂತ ಗೀಟು ಕಾಣುತ್ತೆ, ಅಡ್ಡ ಗೀಟು ಮುಚ್ಚುತ್ತೆ. ಮೇಲಿಂದ ಬಿಟ್ರೆ ಉಲ್ಟಾ. ಮೂರೂ ಪಕ್ಕ ಪಕ್ಕ ಇಟ್ಟು ಓದಬೇಕು. ಕಲ್ಲಿನ ಪಕ್ಕ ಸ್ಕೂಲಿನ 30 ಸೆಂ.ಮೀ. ಸ್ಕೇಲ್ ನಿಲ್ಲಿಸೋದು ಮರೀಬೇಡಿ.

ಕೋಟೆಯಂಥ ಪುರಾತತ್ವ ಇಲಾಖೆಯ ಜಾಗದಲ್ಲಿ ಮುಕ್ಕಾಲಿಗೆ ಮೊದಲೇ ಅನುಮತಿ ತಗೋಬೇಕು. ಹಳ್ಳಿ ಕಲ್ಲಿಗೆ ಊರ ಹಿರಿಯರನ್ನ ಒಂದು ಮಾತು ಕೇಳಿದ್ರೆ ಸಾಕು. ರಾತ್ರಿ ಟಾರ್ಚ್ ಆಡಿಸೋದು ಕಂಡ್ರೆ ನಿಧಿಗಳ್ಳ ಅಂದ್ಕೊಳ್ತಾರೆ. ನನಗೆ ಆಗಿದೆ. ಬಿಡಿಸಿದ್ದು ಆ ಊರಿನ ಪೂಜಾರಪ್ಪ.

ಮಂಡಕ್ಕಿ ಮೆಣಸಿನಕಾಯಿ

ಹಂಗಾದ್ರೆ ಟಾರ್ಚ್ ತಗೊಂಡ್ರೆ ಆಯ್ತಲ್ಲ, ಕ್ಯಾಮೆರಾ ಯಾಕೆ? ನಾನು ಮೊದಲೇ ಹೇಳಿದ್ದೆ.

ಶಾಸನದ ಚಟ

ಮಂಡಕ್ಕಿ, ನಿಮ್ಮ ಮಾತಲ್ಲಿ ಅರ್ಧ ಸತ್ಯ ಇದೆ. ಇನ್ನರ್ಧ: 24 ಮೆಗಾಪಿಕ್ಸೆಲ್ ಅಂದ್ರೆ ಉದ್ದಕ್ಕೆ 6000 ಪಿಕ್ಸೆಲ್. ಒಂದೂವರೆ ಮೀಟರ್ ಎತ್ತರದ ಕಲ್ಲನ್ನ ಚೌಕಟ್ಟಿನ ತುಂಬ ತೆಗೆದ್ರೆ ಮಿಲಿಮೀಟರಿಗೆ 4 ಪಿಕ್ಸೆಲ್. ಸವೆದ ಅಕ್ಷರದ ಗೀಟು ಎರಡು ಮೂರು ಮಿಲಿಮೀಟರ್ ಇರುತ್ತೆ, ಹಿಡಿಯುತ್ತೆ. ಜೊತೆಗೆ ರಾ ಫೈಲ್ ಇದ್ರೆ ನೆರಳೊಳಗಿನ ಗೀಟನ್ನ ಆಮೇಲೆ ಎತ್ತಬಹುದು. ಬಹಳ ಫೋನು ಕಲ್ಲಿನ ಒರಟನ್ನ ಕೊಳೆ ಅಂದ್ಕೊಂಡು ತಾನೇ ನಯ ಮಾಡಿಬಿಡುತ್ತೆ. ಅಕ್ಷರನೂ ಅದರ ಜೊತೆಗೆ ಹೋಗುತ್ತೆ.

ಪಿಬಿ ರೋಡ್ ಸ್ಟುಡಿಯೋ

ಈಗ ದಾರಿಗೆ ಬಂತು. ಮೇಷ್ಟ್ರೇ, ನನ್ನ ಲೆಕ್ಕ ಕೇಳ್ರಿ. ನಿಮಗೆ ಬೇಕಾಗಿದ್ದು ತಿರುಗೋ ಪರದೆ, ದೊಡ್ಡ ಸೆನ್ಸರು, ನೆತ್ತಿ ಮೇಲೆ ಪಿನ್ನು, ಮಗಳಿಗೆ ಬೆಳಕು ಜಾಸ್ತಿ ಒಳಗೆ ಬಿಡೋ ಒಂದು ಲೆನ್ಸು. ಹೊಸ ಮಿರರ್‌ಲೆಸ್, ಅಂದ್ರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ, ಚಲೋ ಐತಿ, ಇಲ್ಲ ಅನ್ನಲ್ಲ. ಕ್ಯಾನನ್, ನಿಕಾನ್ ಎರಡೂ 2018ರಿಂದ ಆ ಕಡೆಗೇ ಹೊರಳ್ಯಾವೆ. ಆದ್ರ 50 ಸಾವಿರದಾಗ ಬಾಡಿ ಬಂದ್ರೆ ಲೆನ್ಸ್ ಬರಲ್ಲ. ಹಳೇ ನಿಕಾನ್ ಡಿ5600 ಅಥವಾ ಕ್ಯಾನನ್ 80ಡಿ ಹುಡುಕ್ರಿ. ಎರಡೂ 2016ರವು, ಎರಡೂ 24 ಮೆಗಾಪಿಕ್ಸೆಲ್, ಪರದೆ ಹೊರಗೆ ತಿರುಗ್ತದೆ, ಪಿನ್ ಐತಿ. 80ಡಿ ಗಟ್ಟಿ, ಆದ್ರೆ ತೂಕ 730 ಗ್ರಾಂ. ಡಿ5600 ಬರೀ 465. ಗುಡ್ಡ ಹತ್ತೋರಿಗೆ ಆ ಕಾಲು ಕೆ.ಜಿ. ಮಧ್ಯಾಹ್ನದ ಮೇಲೆ ಒಂದು ಕೆ.ಜಿ. ಆಗ್ತದೆ.

ಹಳೇದು ತಗೊಳ್ಳುವಾಗ ಲೆನ್ಸ್ ಬಿಚ್ಚಿ ಹಿಂದಿಂದ ಟಾರ್ಚ್ ಬಿಟ್ಟು ನೋಡ್ರಿ, ಜೇಡರ ಬಲೆ ಎಳೆ ಥರ ಕಂಡ್ರೆ ಅದು ಬೂಷ್ಟು, ಮುಟ್ಟಬ್ಯಾಡ್ರಿ. ಎಫ್16ರಲ್ಲಿ ಬಿಳಿ ಗೋಡೆ ತೆಗೆದು ದೊಡ್ಡದು ಮಾಡ್ರಿ, ಸೆನ್ಸರ್ ಮೇಲಿನ ಧೂಳು ಕರೀ ಚುಕ್ಕಿಯಾಗಿ ಕಾಣ್ತದೆ. ಶಟರ್ ಎಷ್ಟು ಸಲ ಬಿದ್ದದೆ ಅನ್ನೋದು ನಿಕಾನ್‌ನಲ್ಲಿ ಫೋಟೋ ಫೈಲಿನೊಳಗೇ ಬರೆದಿರ್ತದೆ, ಸ್ಥಳದಲ್ಲೇ ಒಂದು ತೆಗೆದು ನೋಡಬಹುದು. ಮದುವೆ ಹೊಡೆದ ಕ್ಯಾಮೆರಾ ಆದ್ರೆ ಲಕ್ಷದ ಹತ್ರ ಇರ್ತದೆ, ಬಿಡ್ರಿ. ಬಿಲ್ಲು, ವಾರಂಟಿ ಕಾರ್ಡು ಇಲ್ಲದ "ಹೊರಗಿನ ಮಾಲು" ಹೊಸದಾದ್ರೂ ಬ್ಯಾಡ. ನಾನೊಮ್ಮೆ ಆರು ಸಾವಿರ ಉಳಿಸೋಕೆ ಹೋಗಿ ರಿಪೇರಿಗೆ ಹದಿನಾಲ್ಕು ಕೊಟ್ಟೆ. ತಂದುಕೊಟ್ಟೋನು ಮತ್ತೆ ಫೋನ್ ಎತ್ತಲಿಲ್ಲ.

ಜೋಗಿಮಟ್ಟಿ ಗಾಳಿ

ಮಗಳ ನಾಟ್ಯಕ್ಕೆ 50 ಮಿ.ಮೀ. ಎಫ್1.8 ಲೆನ್ಸ್ ತಗೊಳ್ಳಿ. ಜೊತೆಗೆ ಬರೋ 18-55 ಲೆನ್ಸು 55ಕ್ಕೆ ಹೋದಾಗ ಎಫ್5.6. ಅದಕ್ಕಿಂತ ಇದು ಸುಮಾರು ಒಂಬತ್ತೂವರೆ ಪಟ್ಟು ಬೆಳಕು ಒಳಗೆ ಬಿಡುತ್ತೆ. ವೇದಿಕೆ ಮೇಲೆ ಕೆಂಪು ಲೈಟು, ಕತ್ತಲೆ ಹಿನ್ನೆಲೆ. ಜತಿ ಹೊಡೆಯುವಾಗ ಕೈ ನಿಲ್ಲಬೇಕಂದ್ರೆ 1/250 ಸೆಕೆಂಡ್ ಬೇಕೇ ಬೇಕು. ಮೂರನೇ ಸಾಲಲ್ಲಿ ಕೂತ್ಕೊಳ್ಳಿ. ಫ್ಲ್ಯಾಶ್ ಹಾಕಬೇಡಿ, ಮಗು ಕಣ್ಣಿಗೆ ಹೊಡೆದು ಹೆಜ್ಜೆ ತಪ್ಪುತ್ತೆ.

ನಿಕಾನ್ ತಗೊಂಡ್ರೆ ಒಂದು ಎಚ್ಚರ. 50 ಎಫ್1.8 ಎರಡು ಥರ ಸಿಗುತ್ತೆ, ಕೊನೆಗೆ ಡಿ ಇರೋದು, ಜಿ ಇರೋದು. ಡಿ ಕಡಿಮೆ ಬೆಲೆ. ಅದರೊಳಗೆ ಮೋಟಾರ್ ಇಲ್ಲ, ಡಿ5600 ಬಾಡಿಯಲ್ಲೂ ಇಲ್ಲ. ಫೋಕಸ್ ಕೈಯಲ್ಲೇ ತಿರುಗಿಸ್ತಾ ಕೂರಬೇಕು. ಜಿ ತಗೊಳ್ಳಿ.

ಖಾಲಿ ದೋಸೆ

ಸರ್, ಡಿ5600 ವಿಡಿಯೋ ಒಂದು ಸಲಕ್ಕೆ 29 ನಿಮಿಷ 59 ಸೆಕೆಂಡಿಗೆ ನಿಂತುಬಿಡುತ್ತೆ. ಪೂರ್ತಿ ಕಾರ್ಯಕ್ರಮ ರೆಕಾರ್ಡ್ ಮಾಡೋ ಆಸೆ ಇದ್ರೆ ಅಳಿಯನ್ನ ಕರ್ಕೊಂಡು ಹೋಗಿ.

ಹೊಳಲ್ಕೆರೆ ಮೇಷ್ಟ್ರು

ಎರಡು ವಾರ ಆಯ್ತು, ವರದಿ ಒಪ್ಪಿಸ್ತೀನಿ.

ದಾವಣಗೆರೆಯಲ್ಲಿ ಒಬ್ಬರ ಹತ್ರ ಡಿ5600, 18-55 ಸಮೇತ 27 ಸಾವಿರಕ್ಕೆ ಸಿಕ್ತು. ಅವರು ಮಗು ಹುಟ್ಟಿದಾಗ ತಗೊಂಡು, ಮಗು ಸ್ಕೂಲಿಗೆ ಸೇರೋ ಹೊತ್ತಿಗೆ ಬೀರುವಿನಲ್ಲಿ ಇಟ್ಟಿದ್ದು. ಶಟರ್ 8 ಸಾವಿರ ಚಿಲ್ಲರೆ. ಟಾರ್ಚ್ ಬಿಟ್ಟು ಲೆನ್ಸ್ ನೋಡ್ತಿದ್ರೆ ಅವರ ಮನೆಯವರು "ಬಂಗಾರ ಪರೀಕ್ಷೆ ಮಾಡೋ ಹಂಗೆ ಮಾಡ್ತಾರಲ್ಲ" ಅಂತ ನಕ್ಕರು. 50 ಎಫ್1.8 ಜಿ ಹಳೇದೇ, 8 ಸಾವಿರ. ಮುಕ್ಕಾಲಿ 3,500, ಕಾರ್ಡು ಮತ್ತು ಇನ್ನೊಂದು ಬ್ಯಾಟರಿ 2,500, ಟಾರ್ಚ್ 600. ಒಟ್ಟು 41,600. ಉಳಿದದ್ದನ್ನ ಮನೆಯಲ್ಲಿ ವಾಪಸ್ ಕೊಟ್ಟೆ. ಅವರು ನಂಬಲಿಲ್ಲ, ಬಿಲ್ಲು ಕೇಳಿದ್ರು.

ಬರ್ತಾ ಬೆಣ್ಣೆ ದೋಸೆ ತಿಂದಿದ್ದು ಲೆಕ್ಕಕ್ಕೆ ಸೇರಿಸಿಲ್ಲ.

ನಿನ್ನೆ ಸಂಜೆ ಊರಿನ ಮೂವರು ಹಿರಿಯರನ್ನ ಜೊತೆಗೆ ಕೂರಿಸಿಕೊಂಡೇ ಕೆರೆ ಏರಿ ಕೆಳಗಿನ ವೀರಗಲ್ಲಿಗೆ ಟಾರ್ಚ್ ಆಡಿಸಿದೆ. ಮೊದಲ ನಾಲ್ಕು ಚಿತ್ರದಲ್ಲಿ ನನ್ನ ಬಿಳಿ ಶರ್ಟು ಭೂತದ ಥರ ಬಂದಿದೆ. ಐದನೆಯದು ಎಡದಿಂದ ತೆಗೆದದ್ದು. ನಾಲ್ಕು ವರ್ಷದಿಂದ ಎರಡೇ ಸಾಲು ಅಂದ್ಕೊಂಡಿದ್ದ ಕಲ್ಲಲ್ಲಿ ಮೂರನೇ ಸಾಲು ಇದೆ! ಅಂಕಣದ ಅಂಚಿನಲ್ಲಿ, ಸಣ್ಣಕ್ಷರದಲ್ಲಿ. ಹಿರಿಯರಲ್ಲೊಬ್ಬರು ಪರದೆ ಹತ್ರ ಬಗ್ಗಿ ನೋಡಿ, ಎದ್ದು ಹೋಗಿ ಕಲ್ಲಿನ ಮೇಲೆ ಬೆರಳಾಡಿಸಿ ಮತ್ತೆ ಬಂದು ನೋಡಿದ್ರು. ಚಿತ್ರ ಹಾಕಿದ್ದೀನಿ. ಮೂರನೇ ಸಾಲಿನ ನಾಲ್ಕನೇ ಅಕ್ಷರ ನನಗೆ ಗೊತ್ತಾಗ್ತಿಲ್ಲ. ಪ ಇರಬಹುದಾ?

ಶಾಸನದ ಚಟ

ನೋಡ್ತಾನೇ ಇದ್ದೀನಿ ಮೇಷ್ಟ್ರೇ, ಊಟಕ್ಕೆ ಕರೆದ್ರೂ ಎದ್ದಿಲ್ಲ. ಪ ಅಥವಾ ವ. ತಲೆ ಮುಚ್ಚಿದೆಯೋ ತೆರೆದಿದೆಯೋ ಎಡದ ಬೆಳಕಲ್ಲಿ ತಿಳೀತಿಲ್ಲ. ಮೇಲಿಂದ ಟಾರ್ಚ್ ಬಿಟ್ಟು ಇನ್ನೊಂದು ತೆಗೀರಿ. ಕರೀ ಶರ್ಟ್ ಹಾಕ್ಕೊಂಡು ಹೋಗಿ.

ಕುಂದವಾಡ ಕೆರೆ ದಂಡೆ

ಕೆರೆ ಏರಿ ಅಂದ್ರಲ್ಲ ಮೇಷ್ಟ್ರೇ, ಆ ಕೆರೆಯಲ್ಲಿ ನೀರಿದೆಯಾ? ಹಕ್ಕಿ ಏನಾದ್ರೂ ಕಂಡ್ವಾ?